ಮಂಗನ ಕಾಯಿಲೆ: ಡಾಕ್ಟರು ಮೊದಲು ಏನು ಹೇಳಬೇಕು?

ಮಲೆನಾಡಿನ ಹಳ್ಳಿಗಳಲ್ಲಿ ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆಯ ಭಯವೂ ಬರುತ್ತದೆ. ಮೇ ತನಕ ಅದು ಬಿಡುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಬರುವ ವೈರಸ್ ರೋಗ ಇದು. ಇದಕ್ಕೇ ಎಂದು ಔಷಧ ಇವತ್ತಿಗೂ ಇಲ್ಲ. ಬೇಗ ಗುರುತಿಸಬೇಕು, ರೋಗಿಯ ಮೇಲೆ ಕಣ್ಣಿಡಬೇಕು, ಮನೆಯವರಿಗೆ ಸರಿಯಾಗಿ ಹೇಳಬೇಕು. ಮೊದಲೆರಡನ್ನು ಕಾಲೇಜಿನಲ್ಲಿ ಕಲಿತಿರುತ್ತೇವೆ. ಮೂರನೆಯದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸುವವರು ಕಡಿಮೆ.

ಯುವ ವೈದ್ಯರಿಗೆ ನಾನು ಮಾಡಿಸುವ ಅಭ್ಯಾಸ ಸರಳ. ಒಬ್ಬರು ಡಾಕ್ಟರಾಗುತ್ತಾರೆ, ಒಬ್ಬರು ರೋಗಿಯ ಮಗ, ಇನ್ನೊಬ್ಬರು ಸುಮ್ನೆ ಕೂತು ಕೇಳುತ್ತಾರೆ. ಜನವರಿ ತಿಂಗಳು. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ದ ತಾಯಿಗೆ ಮೂರು ದಿನದಿಂದ ಜೋರು ಜ್ವರ, ತಲೆನೋವು, ಮೈಕೈ ನೋವು. ಮಗ ಕೇಳುತ್ತಾನೆ: "ಡಾಕ್ಟ್ರೇ, ಇದು ಮಂಗನ ಕಾಯಿಲೆನಾ?"

ಹೆಚ್ಚಿನವರು ಮೊದಲ ಸಲ "ಏನಿಲ್ಲ, ಹೆದರಬೇಡಿ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ರಿಪೋರ್ಟ್ ಪಾಸಿಟಿವ್ ಬಂದರೆ ಆ ಮನೆಯಷ್ಟೇ ಅಲ್ಲ, ಇಡೀ ಕೇರಿಯೇ ಅವರನ್ನು ನಂಬುವುದು ಬಿಡುತ್ತದೆ. ಕೆಲವರು ಪ್ಲೇಟ್‌ಲೆಟ್, ರಕ್ತಸ್ರಾವ ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಹೆದರಿ ಕೂತವರ ತಲೆಗೆ ಅಷ್ಟು ಮಾತು ಹೋಗುವುದಿಲ್ಲ.

ತಿದ್ದಿ ತಿದ್ದಿ ಕೊನೆಗೆ ನಿಲ್ಲುವ ಉತ್ತರ ಹೀಗಿರುತ್ತದೆ: "ಇರಬಹುದು. ಇನ್ನೂ ಗೊತ್ತಿಲ್ಲ. ರಕ್ತ ಇವತ್ತೇ ಪರೀಕ್ಷೆಗೆ ಕಳಿಸ್ತೀವಿ, ರಿಪೋರ್ಟ್ ಬಂದ ಕೂಡ್ಲೇ ನಾನೇ ಫೋನ್ ಮಾಡ್ತೀನಿ. ಅಲ್ಲೀತನಕ ಅಂಗಡಿಯಿಂದ ನೋವಿನ ಮಾತ್ರೆ ತರಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಮೂಗಲ್ಲೋ ಒಸಡಲ್ಲೋ ರಕ್ತ ಬಂದ್ರೆ, ಮಾತು ತಡವರಿಸಿದ್ರೆ, ರಾತ್ರಿಯಾದ್ರೂ ಸರಿ, ಕರ್ಕೊಂಡು ಬನ್ನಿ." ಬರೀ "ಗೊತ್ತಿಲ್ಲ" ಎಂದರೆ ಸಾಲದು. ಯಾವಾಗ ಗೊತ್ತಾಗುತ್ತದೆ, ಅಲ್ಲಿಯವರೆಗೆ ಏನು ಮಾಡಬೇಕು ಎನ್ನುವುದೂ ಅದರ ಜೊತೆಗೇ ಬರಬೇಕು. ಆಮೇಲೆ "ಮನೇಲಿ ಏನಂತ ಹೇಳ್ತೀರಿ?" ಎಂದು ಮಗನನ್ನೇ ಕೇಳಬೇಕು. ತಪ್ಪು ತಿಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಜ್ವರ ಇಳಿದ ಮೇಲೂ ಕೆಲವರಿಗೆ ಮೂರನೇ ವಾರದ ಹೊತ್ತಿಗೆ ಮತ್ತೆ ಕಾಣಿಸುತ್ತದೆ. ಅದನ್ನು ಮುಂಚೆಯೇ ಹೇಳಿಟ್ಟಿರಬೇಕು.

ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ಆದರೂ ರೋಗಿಯ ಮನೆಗೆ ಹೋಗಲು ಜನ ಹೆದರುತ್ತಾರೆ. ಆ ಮಾತನ್ನು ಅಕ್ಕಪಕ್ಕದವರಿಗೂ ಡಾಕ್ಟರೇ ಹೇಳಿದರೆ ತೂಕ ಜಾಸ್ತಿ.

ಅತಿ ಕಷ್ಟದ ಪ್ರಶ್ನೆ ಲಸಿಕೆಯದು. "ವರ್ಷ ವರ್ಷ ಚುಚ್ಚಿಸ್ಕೊಂಡಿದ್ವಿ, ಈಗ ಯಾಕೆ ಕೊಡ್ತಿಲ್ಲ?" ಸರ್ಕಾರವನ್ನೇ ಕೇಳಿ ಎಂದು ಜಾರಿಕೊಳ್ಳಬಾರದು. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗುತ್ತಿರಲಿಲ್ಲ, ಅದಕ್ಕೇ 2022ರಲ್ಲಿ ನಿಲ್ಲಿಸಿದರು ಎಂದು ನೇರವಾಗಿ ಹೇಳಬೇಕು. ಜನರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟು ನ್ಯಾಯವಾದದ್ದೇ. ಅದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ, ಮೈತುಂಬ ಬಟ್ಟೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನದ ಮಾತು ತೆಗೆಯಬೇಕು.

ಅನುಮಾನ ಬಂದ ದಿನವೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಹೋಗಬೇಕು. ಬೇಗ ಅನುಮಾನಪಟ್ಟರೆ ಎಷ್ಟು ಉಪಯೋಗ ಎನ್ನುವುದಕ್ಕೆ ಬೇರೊಂದು ರೋಗದ ಉದಾಹರಣೆ ಇದೆ: 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನ ವೈದ್ಯರು ಒಂದೇ ಮನೆಯ ಎರಡನೇ ರೋಗಿಯಲ್ಲೇ ಅನುಮಾನಪಟ್ಟು ಮಣಿಪಾಲದ ಲ್ಯಾಬಿಗೆ ಸ್ಯಾಂಪಲ್ ಕಳಿಸಿದ್ದರಿಂದಲೇ ನಿಪಾ ವೈರಸ್ ಬೇಗ ಪತ್ತೆಯಾಯಿತು.

ಈ ಅಭ್ಯಾಸಕ್ಕೆ ನವೆಂಬರ್ ಸರಿಯಾದ ತಿಂಗಳು. ಖಾಸಗಿ ಕ್ಲಿನಿಕ್‌ನವರು, ಆಶಾ ಕಾರ್ಯಕರ್ತೆಯರು ಒಟ್ಟಿಗೆ ಕೂರಬೇಕು. ಮೆಡಿಕಲ್ ಶಾಪಿನವರನ್ನೂ ಕರೆಯಲೇಬೇಕು. ಜ್ವರ ಬಂದ ಎಷ್ಟೋ ಜನ ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?