ಉಳಿದ ಪ್ಲೈ ತುಂಡು ಎತ್ತಿಡುವ ಮೊದಲು ಅದರ ಮೇಲೆ ಒಂದು ಬಾಣ ಎಳೆಯಿರಿ

ಒಂದು ಕಪಾಟಿನ ಕೆಲಸ ಮುಗಿಯಿತು ಅಂದರೆ ಮೂಲೆಯಲ್ಲಿ ಒಂದು ರಾಶಿ ಪ್ಲೈ ತುಂಡು ಉಳಿದೇ ಉಳಿಯುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ಗೋಡೆಗೆ ಒರಗಿಸಿ ಇಡುತ್ತೇವೆ, ಮುಂದಿನ ಕೆಲಸದ ತುಂಡುಗಳು ಅದರ ಮುಂದೆ ಬಂದು ನಿಲ್ಲುತ್ತವೆ, ಆರು ತಿಂಗಳು ಕಳೆದು ಒಂದಡಿ ಅಗಲದ ತುಂಡು ಬೇಕಾದಾಗ ರಾಶಿ ಕೆದಕುವಷ್ಟು ತಾಳ್ಮೆ ಇರದೆ ಹೊಸ ಹಾಳೆಗೇ ಗರಗಸ ಹಾಕುತ್ತೇವೆ. ನಾನೂ ತುಂಬ ವರ್ಷ ಹೀಗೇ ಮಾಡಿದೆ. ಉಳಿದ ಪ್ಲೈನಿಂದ ಏನೇನು ಮಾಡಬಹುದು ಅಂತ ಕೇಳುವವರು ಜಾಸ್ತಿ. ಅವರಿಗೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಕೈಯಲ್ಲಿರುವ ತುಂಡಿನ ಎಳೆ, ಅಂದರೆ ಮೈಮೇಲಿನ ಮರದ ನಾರು, ಯಾವ ಕಡೆಗಿದೆ?

ಇದನ್ನು ನನಗೆ ಕಲಿಸಿದ್ದು ಒಂದು ಪುಸ್ತಕದ ಹಲಗೆ. 12 ಮಿ.ಮೀ. ಪ್ಲೈನ ತುಂಡೊಂದು ಉಳಿದಿತ್ತು. ನಾಲ್ಕು ಅಡಿ ಉದ್ದ, ಹತ್ತು ಇಂಚು ಅಗಲ, ಹಲಗೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಂಚಿಗೆ ಮರದ ಪಟ್ಟಿ ಹೊಡೆದು, ಪಾಲಿಶ್ ಮಾಡಿ, ಎರಡು ತುದಿಗೂ ಆಧಾರ ಕೊಟ್ಟು ಗೋಡೆಗೆ ಕೂರಿಸಿದೆ. ಎರಡು ತಿಂಗಳಲ್ಲಿ ನಡುಭಾಗ ಜೋತು ಬಿತ್ತು. ಮಗುಚಿ ಹಾಕಿದೆ, ಆ ಕಡೆಗೂ ಜೋತಿತು. 12 ಮಿ.ಮೀ. ನಾಲ್ಕು ಅಡಿಗೆ ತೆಳುವೇ, ಒಪ್ಪಿದೆ. ಆದರೆ ಅದರ ಕೆಳಗೇ ಅದೇ ಅಳತೆಯ ಇನ್ನೊಂದು ಹಲಗೆ ಇತ್ತು, ಅದೇ ಭಾರ ಹೊತ್ತು ಅದು ಇಷ್ಟು ಬಾಗಿರಲಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಜೋತು ಬಿದ್ದ ಹಲಗೆಯ ಮೈಮೇಲಿನ ಎಳೆಗಳು ಉದ್ದಕ್ಕೆ ಇರಲಿಲ್ಲ, ಅಡ್ಡಕ್ಕೆ ಓಡುತ್ತಿದ್ದವು.

ಪ್ಲೈ ಅಂದರೆ ತೆಳುವಾದ ಮರದ ಪದರಗಳನ್ನು ಒಂದಕ್ಕೊಂದು ಅಡ್ಡ ಇಟ್ಟು ಅಂಟಿಸಿದ್ದು. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸ, ಮೂರು, ಐದು, ಏಳು, ಹೀಗೆ. ಹಾಗಾಗಿ ಎರಡು ಮೈಗಳ ಎಳೆಯೂ ಒಂದೇ ದಿಕ್ಕಿಗೆ ಬರುತ್ತದೆ. ಹಲಗೆ ಬಾಗದಂತೆ ತಡೆಯುವ ಕೆಲಸವನ್ನು ಜಾಸ್ತಿ ಮಾಡುವುದು ಹೊರಗಿನ ಈ ಎರಡು ಪದರಗಳೇ. ಎಳೆ ಉದ್ದಕ್ಕಿದ್ದರೆ ಹಲಗೆ ಗಟ್ಟಿ, ಅಡ್ಡಕ್ಕಿದ್ದರೆ ಬಾಗುತ್ತದೆ. ಮೂರು ಪದರದ ತೆಳು ಪ್ಲೈನಲ್ಲಿ ಈ ವ್ಯತ್ಯಾಸ ತುಂಬ ಜೋರು. ಪದರ ಹೆಚ್ಚಾದ ಹಾಗೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಎಂಟಡಿ ನಾಲ್ಕಡಿ ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ ಎಂಟಡಿಯ ಉದ್ದಕ್ಕೆ ಇರುತ್ತದೆ. ನಾವು ಏಳಡಿಯ ಬದಿಗಳನ್ನು ಕೊಯ್ದುಕೊಂಡ ಮೇಲೆ ಉಳಿಯುವುದು ಹಾಳೆಯ ತುದಿ, ನಾಲ್ಕಡಿ ಉದ್ದ, ಒಂದಡಿ ಅಗಲ. ನೋಡಿದ ಕೂಡಲೇ ಹಲಗೆ ಅನ್ನಿಸುವ ತುಂಡು ಇದೇ, ಅಲ್ವಾ? ಅದರಲ್ಲಿ ಎಳೆ ಇರುವುದು ಆ ಒಂದಡಿಯ ಕಡೆಗೆ. ಅಂದರೆ ನಮ್ಮ ರಾಶಿಯಲ್ಲಿ ಅತಿ ಹೆಚ್ಚು ಸಿಗುವ ತುಂಡು ಹಲಗೆಗೆ ಅತಿ ಕಡಿಮೆ ಒಗ್ಗುವ ತುಂಡು. ಅದನ್ನು ಉದ್ದವಾಗಿ ಬಳಸಬೇಡಿ. ಆರಾರು ಇಂಚಿಗೆ ಅಡ್ಡ ಕೊಯ್ಯಿರಿ. ಎಳೆ ನೆಟ್ಟಗೆ ನಿಂತ, ಒಂದಡಿ ಎತ್ತರದ ಎಂಟು ತುಂಡು ಬರಬೇಕು, ಗರಗಸ ತಿನ್ನುವ ಪುಡಿ ಲೆಕ್ಕ ಹಿಡಿದರೆ ಕೊನೆಯದು ಸ್ವಲ್ಪ ಕಿರಿದಾಗುತ್ತದೆ. ಕಪಾಟಿನೊಳಗಿನ ಅಡ್ಡಗೋಡೆಗೆ, ಪೆಟ್ಟಿಗೆಯ ಬದಿಗೆ ಇವು ತುಂಬ ಚೆನ್ನಾಗಿ ಆಗುತ್ತವೆ.

ಕಣ್ಣಿಗೆ ಎಳೆ ಗೊತ್ತಾಗದಿದ್ದರೆ ತುಂಡನ್ನು ಎರಡು ಮರದ ಪಟ್ಟಿಗಳ ಮೇಲಿಟ್ಟು ನಡುವೆ ಹೆಬ್ಬೆರಳಿನಿಂದ ಒತ್ತಿ. ಆಮೇಲೆ ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಿ. ಚೌಕದ ತುಂಡಾದರೆ ಕೈಗೇ ತಿಳಿಯುತ್ತದೆ.

ಈಗ ನನ್ನ ಅಭ್ಯಾಸ ಇಷ್ಟು. ತುಂಡು ಹಾಳೆಯಿಂದ ಬೇರೆಯಾದ ಕ್ಷಣವೇ, ಎತ್ತಿಡುವ ಮೊದಲು, ಪೆನ್ಸಿಲಿನಲ್ಲಿ ಮೂರು ಗುರುತು ಹಾಕುತ್ತೇನೆ. ಎಳೆಯ ದಿಕ್ಕಿಗೆ ಒಂದು ಬಾಣ. ಅಳೆದು ನೋಡಿದ ದಪ್ಪ. ನೀರು ತಡೆಯುವ ಪ್ಲೈ ಹೌದೋ ಅಲ್ಲವೋ ಅನ್ನುವುದಕ್ಕೆ ಒಂದು ಅಕ್ಷರ. ಅರ್ಧ ನಿಮಿಷದ ಕೆಲಸ. ನಾಳೆ ಮಾಡೋಣ ಅಂದರೆ ಆಗಲ್ಲ, ಯಾಕೆಂದರೆ ನಾಳೆಗೆ ಆ ತುಂಡು ಯಾವ ಹಾಳೆಯದು ಅನ್ನುವುದೇ ಮರೆತಿರುತ್ತದೆ.

ಮೂರನೇ ಗುರುತನ್ನು ಜನ ಬಿಟ್ಟುಬಿಡುತ್ತಾರೆ. ಹಾಳೆಯ ದರ್ಜೆಯ ಮುದ್ರೆ ಎಲ್ಲೋ ಒಂದು ಕಡೆ ಇರುತ್ತದೆ. ಕೊಯ್ದ ಮೇಲೆ ಅದು ಯಾವುದೋ ಒಂದು ತುಂಡಿನ ಪಾಲಾಗುತ್ತದೆ, ಉಳಿದ ಹತ್ತು ತುಂಡಿಗೆ ಗುರುತೇ ಇಲ್ಲ. ಆರು ತಿಂಗಳ ಮೇಲೆ ಅದರಲ್ಲೊಂದನ್ನು ಸಿಂಕಿನ ಕೆಳಗಿನ ಕಪಾಟಿಗೆ ಹಾಕುತ್ತೀರಿ, ತೇವ ತಾಗಿ ಪದರ ಬಿಡುತ್ತದೆ. ಅಂಚಿನಲ್ಲಿ ಅಂಟಿನ ಗೆರೆ ಕಪ್ಪು ಕಂದಾಗಿದ್ದರೆ ಅದು ನೀರು ತಡೆಯುವ ಫಿನಾಲ್ ಅಂಟು ಇರಬಹುದು, ಬಿಳಿಚಿಕೊಂಡಿದ್ದರೆ ಒಳಗಿನ ಕೆಲಸಕ್ಕೆ ಬಳಸುವ ಯೂರಿಯಾ ಅಂಟು ಇರಬಹುದು. ಆದರೆ ಅಂಟಿಗೆ ಬಣ್ಣ ಬೆರೆಸುವುದೂ ಉಂಟು, ಹಾಗಾಗಿ ಬಣ್ಣ ಒಂದನ್ನೇ ನಂಬಬೇಡಿ. ಅನುಮಾನ ಬಂದರೆ ಹೆಬ್ಬೆರಳಷ್ಟು ಚೂರನ್ನು ಕೊಯ್ದು ಕೆಲವು ಗಂಟೆ ನೀರಿನಲ್ಲಿ ಕುದಿಸಿ ನೋಡಿ. ಪದರ ಬಿಚ್ಚಿಕೊಂಡರೆ ಉತ್ತರ ಸಿಕ್ಕ ಹಾಗೆ.

ದಪ್ಪದ ವಿಷಯದಲ್ಲೂ ಹಾಗೇ. 18 ಅಂತ ತಂದ ಹಾಳೆ ಅಳೆದಾಗ 17.5 ಇರಬಹುದು, ಇನ್ನೊಂದು ಸಲ ತಂದದ್ದು ಪೂರ್ತಿ 18 ಇರಬಹುದು. ಒಂದರ ದಪ್ಪಕ್ಕೆ ತೋಡಿದ ಸಂದಿನಲ್ಲಿ ಇನ್ನೊಂದು ಸಡಿಲ, ಇಲ್ಲವೇ ಹೋಗುವುದೇ ಇಲ್ಲ. ಅದಕ್ಕೇ ಕ್ಯಾಲಿಪರ್‌ನಲ್ಲಿ ಅಳೆದು ನಿಜವಾದ ದಪ್ಪವನ್ನೇ ಬರೆಯಬೇಕು. ಬಿಲ್ಲಿನಲ್ಲಿ ಇದ್ದದ್ದನ್ನಲ್ಲ.

ಇನ್ನು ಬಳಕೆ. ಉಳಿದ ಪ್ಲೈಗೆ ಅತಿ ಒಳ್ಳೆಯ ಜಾಗ ಯಾವುದು ಅಂದರೆ, ಮುಂದಿನ ಕೆಲಸವನ್ನು ನೇರ ಮಾಡುವ ಜಾಗ. ಅಲಂಕಾರದ ಪೆಟ್ಟಿಗೆ, ಪೆನ್ನು ಸ್ಟ್ಯಾಂಡು ಎಲ್ಲ ಮಾಡಬಹುದು, ಬೇಡ ಅನ್ನುವುದಿಲ್ಲ. ಆದರೆ ಒಂದು ಪೆನ್ನು ಸ್ಟ್ಯಾಂಡಿಗಿಂತ ಒಂದು ಅಳತೆ ತುಂಡು ನಿಮಗೆ ನೂರು ಸಲ ಜಾಸ್ತಿ ಉಪಕಾರ ಮಾಡುತ್ತದೆ.

ಡ್ರಾಯರ್ ಚಾನಲ್, ಅಂದರೆ ಡ್ರಾಯರ್ ಜಾರುವ ಹಳಿ, ಕೂರಿಸುವುದನ್ನೇ ತೆಗೆದುಕೊಳ್ಳಿ. ಮೂರು ಡ್ರಾಯರ್ ಅಂದರೆ ಕಪಾಟಿನ ಬದಿಗಳಿಗೆ ಆರು ಚಾನಲ್. ಟೇಪ್ ಹಿಡಿದು ಆರು ಕಡೆ ಗುರುತು ಹಾಕಿದರೆ ಎಲ್ಲೋ ಒಂದು ಕಡೆ ಒಂದು ಮಿ.ಮೀ. ತಪ್ಪುತ್ತದೆ, ಆಮೇಲೆ ಡ್ರಾಯರ್ ಬಿಗಿ. ಅದರ ಬದಲು ಕಪಾಟಿನ ಆಳಕ್ಕಿಂತ ತುಸು ಕಿರಿದಾದ ಒಂದು ಪ್ಲೈ ತುಂಡು ಹುಡುಕಿ. ಅತಿ ಮೇಲಿನ ಡ್ರಾಯರಿನ ಚಾನಲ್ ಎಷ್ಟು ಎತ್ತರದಲ್ಲಿ ಕೂರಬೇಕೋ ಅಷ್ಟಕ್ಕೆ ಅದನ್ನು ಕೊಯ್ಯಿರಿ. ಕಪಾಟಿನ ತಳದ ಮೇಲೆ ನಿಲ್ಲಿಸಿ, ಬದಿಗೆ ಒತ್ತಿ ಹಿಡಿದು, ಅದರ ತಲೆಯ ಮೇಲೆ ಚಾನಲ್ ಇಟ್ಟು ಸ್ಕ್ರೂ ಹಾಕಿ. ಅದೇ ತುಂಡನ್ನು ಎದುರು ಬದಿಗೆ ತಂದು ಅಲ್ಲೂ ಹಾಗೇ ಮಾಡಿ. ಎರಡೂ ಒಂದೇ ಎತ್ತರ, ಟೇಪ್ ಮುಟ್ಟುವ ಮಾತೇ ಇಲ್ಲ. ಮೇಲಿನದು ಮುಗಿದ ಮೇಲೆ ಅದೇ ತುಂಡನ್ನು ಎರಡನೇ ಡ್ರಾಯರಿನ ಎತ್ತರಕ್ಕೆ ಗಿಡ್ಡ ಮಾಡಿ, ಆಮೇಲೆ ಮೂರನೆಯದಕ್ಕೆ. ಮೇಲಿನಿಂದ ಕೆಳಗೆ ಬರಬೇಕು ಅನ್ನುವುದು ಇದಕ್ಕೇ. ಕೆಳಗಿನಿಂದ ಶುರು ಮಾಡಿದರೆ ಪ್ರತಿ ಡ್ರಾಯರಿಗೂ ಹೊಸ ತುಂಡು ಬೇಕಾಗುತ್ತದೆ.

ಎರಡನೆಯದು ಮೂಲೆ ಹಿಡಿಯುವ ತ್ರಿಕೋನ. 18 ಮಿ.ಮೀ. ತುಂಡಿನಲ್ಲಿ, ನೆಟ್ಟಗಿನ ಎರಡು ಬದಿ ಆರಾರು ಇಂಚು ಇರುವ ತ್ರಿಕೋನ ಕೊಯ್ಯಿರಿ. ಕ್ಲಾಂಪ್ ಹಲ್ಲು ಕೂರುವ ಹಾಗೆ ಎರಡು ದೊಡ್ಡ ತೂತು ಕೊರೆಯಿರಿ. ಲಂಬ ಮೂಲೆಯ ತುದಿಯನ್ನು ಒಂದು ಸೆಂ.ಮೀ.ನಷ್ಟು ಕತ್ತರಿಸಿ ತೆಗೆಯುವುದು ಮರೆಯಬೇಡಿ. ಜೋಡಣೆಯಿಂದ ಹಿಂಡಿ ಬರುವ ಅಂಟು ಅಲ್ಲಿ ಸೇರಿಕೊಂಡರೆ ತ್ರಿಕೋನವೇ ಪೆಟ್ಟಿಗೆಗೆ ಅಂಟಿಕೊಳ್ಳುತ್ತದೆ. ಅಂಚಿಗೆ ಮೇಣ ಸವರಿದರೆ ಇನ್ನೂ ಒಳ್ಳೆಯದು. ಮೂಲೆ ನಿಜವಾಗಿ 90 ಡಿಗ್ರಿ ಇದೆಯೇ ಅಂತ ನೋಡಲು ಒಂದು ನೇರ ಅಂಚಿಗೆ ತಾಗಿಸಿ ಗೆರೆ ಎಳೆಯಿರಿ, ತ್ರಿಕೋನವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆ ಒಂದರ ಮೇಲೊಂದು ಬಿದ್ದರೆ ಸರಿ. ಬೇರೆಯಾದರೆ ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ಉಪ್ಪುಕಾಗದದಲ್ಲಿ ತಿದ್ದಿಕೊಳ್ಳಿ. ಇಂಥ ನಾಲ್ಕು ತ್ರಿಕೋನ ಇದ್ದರೆ ಒಬ್ಬರೇ ನಿಂತು ಇಡೀ ಕಪಾಟು ಜೋಡಿಸಬಹುದು.

ತೂತು ಕೊರೆಯುವಾಗ ಹಿಂದೆ ಒಂದು ಹಳೇ ತುಂಡು ಒತ್ತಿ ಹಿಡಿದರೆ ಆ ಕಡೆಯ ಪದರ ಸಿಬಿರೇಳುವುದಿಲ್ಲ. ಪಾಲಿಶಿನ ಬಣ್ಣ ನೋಡಲು ಅದೇ ಹಾಳೆಯ ತುಂಡು ಬೇಕು, ಬೇರೆ ಹಾಳೆಯ ತುಂಡಿನ ಮೇಲೆ ನೋಡಿದ ಬಣ್ಣ ಕೆಲಸಕ್ಕೆ ಬರಲ್ಲ. ಅದಕ್ಕೇ ಕೆಲಸ ಮುಗಿಯುವವರೆಗೆ ಆ ಹಾಳೆಯ ಎರಡು ತುಂಡನ್ನು ಬೇರೆಯಾಗಿ ಎತ್ತಿಡಿ. ಕಪಾಟಿನ ಹಿಂಭಾಗದಲ್ಲಿ ಗೋಡೆಗೆ ಸ್ಕ್ರೂ ಹೊಡೆಯುವ ಅಡ್ಡಪಟ್ಟಿ, ತಳದ ಕೆಳಗಿನ ಆಧಾರ, ಇಂಥ ಕಣ್ಣಿಗೆ ಬೀಳದ ಜಾಗಕ್ಕೆಲ್ಲ ಮೂರು ನಾಲ್ಕು ಇಂಚಿನ ಪಟ್ಟಿಗಳೇ ಸಾಕು. ಒಂದು ಎಚ್ಚರಿಕೆ ಇದೆ. ಪ್ಲೈನ ಅಂಚಿಗೆ ಸ್ಕ್ರೂ ಹಾಕುವಾಗ ಮೊದಲು ಸಣ್ಣ ತೂತು ಕೊರೆಯಲೇಬೇಕು, 4 ಮಿ.ಮೀ. ಸ್ಕ್ರೂಗೆ 2.5ರಿಂದ 3 ಮಿ.ಮೀ. ಇಲ್ಲದಿದ್ದರೆ ಪದರಗಳ ನಡುವೆ ಸೀಳು ಬಿಡುತ್ತದೆ. ಕೊರೆದರೂ ಅಂಚಿನ ಹಿಡಿತ ಮೈಯ ಹಿಡಿತದಷ್ಟು ಗಟ್ಟಿ ಅಲ್ಲ.

ಇನ್ನೂ ಕಿರಿದಾದ ಪಟ್ಟಿಗಳು ಉಳಿದರೆ ನನಗೆ ಇಷ್ಟವಾದ ಕೆಲಸ ಒಂದಿದೆ. 18 ಮಿ.ಮೀ. ಪ್ಲೈನ ಒಂದೂವರೆ ಇಂಚು ಅಗಲದ ಪಟ್ಟಿಗಳನ್ನು ಮಗ್ಗುಲಿಗೆ ನಿಲ್ಲಿಸಿ, ಮೈಗೆ ಮೈ ಅಂಟಿಸಿ, ಒಂದು ಸ್ಟೂಲಿನ ಮೇಲ್ಭಾಗ ಮಾಡುವುದು. 30 ಸೆಂ.ಮೀ. ಅಗಲಕ್ಕೆ 17 ಪಟ್ಟಿ ಬೇಕು. ಮೇಲೆ ಕಾಣುವುದು ಪದರಗಳ ಗೆರೆಗೆರೆ. ಒಂದು ಪದರದ ಎಳೆ ಉದ್ದಕ್ಕೆ ಮಲಗಿರುತ್ತದೆ, ಪಕ್ಕದ ಪದರದ್ದು ತುದಿ ಮೇಲೆ ಮಾಡಿ ನಿಂತಿರುತ್ತದೆ. ತುದಿ ಕಾಣುವ ಪದರ ಎಣ್ಣೆಯನ್ನು ಜಾಸ್ತಿ ಕುಡಿಯುತ್ತದೆ, ಕಪ್ಪಾಗುತ್ತದೆ. ಮೊದಲ ಕೈ ಎಣ್ಣೆ ಬಟ್ಟೆಯಲ್ಲಿ ಸವರಿದಾಗ ಆ ಗೆರೆಗಳು ಒಂದೊಂದಾಗಿ ಎದ್ದು ಬರುವುದನ್ನು ನೋಡಬೇಕು, ಎಷ್ಟು ಸಲ ಮಾಡಿದರೂ ನನಗೆ ಕೈ ನಿಲ್ಲಿಸಿ ನೋಡುವಷ್ಟು ಖುಷಿ.

ಹದಿನೇಳನ್ನೂ ಒಟ್ಟಿಗೆ ಅಂಟಿಸಲು ಹೋಗಬೇಡಿ. ಬಿಳಿ ಅಂಟು ಒದ್ದೆಯಿದ್ದಾಗ ಪಟ್ಟಿಗಳು ಜಾರುತ್ತವೆ, ಕ್ಲಾಂಪ್ ಬಿಗಿ ಮಾಡಿದಷ್ಟೂ ಜಾರುತ್ತವೆ. ನಾಲ್ಕೋ ಐದೋ ಪಟ್ಟಿಯ ಕಟ್ಟು ಮಾಡಿ ಒಣಗಲು ಬಿಡಿ, ಆಮೇಲೆ ಕಟ್ಟಿಗೆ ಕಟ್ಟು ಸೇರಿಸಿ. ಪಟ್ಟಿಗಳನ್ನು ಬೇಕಾದ್ದಕ್ಕಿಂತ ಒಂದಿಂಚು ಉದ್ದ ಬಿಟ್ಟುಕೊಂಡಿರಿ, ತುದಿಗಳನ್ನು ಕೊನೆಗೆ ಒಟ್ಟಿಗೆ ಕೊಯ್ದರಾಯಿತು. ಮಟ್ಟ ಮಾಡುವಾಗ ಪ್ಲೈನ ಅಂಟು ಕೀಸುಳಿಯ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ, ಅದಕ್ಕೆ ನಾನು 80ನೇ ನಂಬರಿನ ಉಪ್ಪುಕಾಗದದಿಂದ ಶುರು ಮಾಡಿ 120, 180ಕ್ಕೆ ಹೋಗುತ್ತೇನೆ. ಒಳಪದರದಲ್ಲಿ ಟೊಳ್ಳು ಇರುವ ಪ್ಲೈ ಈ ಕೆಲಸಕ್ಕೆ ಬೇಡ, ಪ್ರತಿ ಟೊಳ್ಳೂ ಮೇಲೆಯೇ ಕಾಣುತ್ತದೆ.

ಈಗ ಗಂಭೀರವಾಗಿ ಒಂದು ಮಾತು. ಚಿಕ್ಕ ತುಂಡುಗಳ ಕೆಲಸದಲ್ಲೇ ಬೆರಳು ಹೋಗುವುದು. ಟೇಬಲ್ ಗರಗಸದಲ್ಲಿ ಚಿಕ್ಕ ತುಂಡು ಒಂಚೂರು ಓರೆಯಾದರೂ ಬ್ಲೇಡು ಅದನ್ನು ಹಿಡಿದು ನಿಮ್ಮ ಕಡೆಗೇ ಎಸೆಯುತ್ತದೆ, ಅದರ ಜೊತೆ ಕೈಯನ್ನೂ ಎಳೆದುಕೊಳ್ಳಬಹುದು. ಒಂದಡಿಗಿಂತ ಚಿಕ್ಕದನ್ನು ನಾನು ಅದರ ಮೇಲೆ ಬರಿಗೈಯಲ್ಲಿ ತಳ್ಳುವುದೇ ಇಲ್ಲ. ತಳ್ಳುಗೋಲು ಬೇಕು, ಅದನ್ನೂ ಉಳಿದ ಪ್ಲೈನಲ್ಲೇ ಮಾಡಿಕೊಳ್ಳಬಹುದು. ಇಲ್ಲವೇ ಕೈಗರಗಸ ಹಿಡಿಯಿರಿ. ಇದಕ್ಕಿಂತ ಒಳ್ಳೆಯ ದಾರಿ ಅಂದರೆ, ಬೇಕಾದ ಚಿಕ್ಕ ಚೂರನ್ನು ಉದ್ದ ತುಂಡಿನಲ್ಲಿ ಇರುವಾಗಲೇ ರೂಪಕ್ಕೆ ತಂದು, ತೂತು ಕೊರೆದು, ಉಜ್ಜಿ, ಕಡೆಗೆ ಬೇರೆ ಮಾಡುವುದು. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಪ್ಲೈನ ಧೂಳಿನಲ್ಲಿ ಮರ ಮಾತ್ರ ಅಲ್ಲ, ಅಂಟೂ ಇರುತ್ತದೆ.

ಎಲ್ಲವನ್ನೂ ಉಳಿಸಿಕೊಳ್ಳುವುದೂ ತಪ್ಪು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳು ಹೊಕ್ಕಿದೆ, ಅದು ಪಕ್ಕದ ಒಳ್ಳೆಯ ತುಂಡಿಗೂ ಹೋಗುತ್ತದೆ, ಅವತ್ತೇ ಹೊರಗೆ ಹಾಕಿ. ಅಂಗೈಗಿಂತ ಚಿಕ್ಕದನ್ನು ನಾನು ಒಂದು ಡಬ್ಬಿ ತುಂಬುವಷ್ಟು ಮಾತ್ರ ಇಡುತ್ತೇನೆ, ಅಂಟಿಸುವಾಗ ಕ್ಲಾಂಪಿನ ಹಲ್ಲಿನ ಕೆಳಗೆ ಇಡಲು. ಡಬ್ಬಿ ತುಂಬಿದ ಮೇಲೆ ಬಂದದ್ದು ಕಸಕ್ಕೆ. ಒಲೆಗೆ ಮಾತ್ರ ಹಾಕಬೇಡಿ, ಅಂಟಿನ ಹೊಗೆ ಒಳ್ಳೆಯದಲ್ಲ. ಉಳಿದದ್ದನ್ನು ಮಲಗಿಸಿ ಪೇರಿಸಬೇಡಿ, ಬೇಕಾದದ್ದು ಯಾವಾಗಲೂ ಅಡಿಯಲ್ಲೇ ಇರುತ್ತದೆ. ನೆಲದಿಂದ ಸ್ವಲ್ಪ ಎತ್ತರದಲ್ಲಿ, ದಪ್ಪಕ್ಕೆ ಒಂದು ಖಾನೆ ಮಾಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಾಣ ಮತ್ತು ದಪ್ಪ ಹೊರಗೆ ಕಾಣುವ ಹಾಗಿರಲಿ.

ಇನ್ನು ಮುಂದಿನ ಹಾಳೆ ಕೊಯ್ಯುವಾಗ ಗರಗಸ ಹಚ್ಚುವ ಮೊದಲು ಒಂದು ಕಾಗದದ ಮೇಲೆ ಹಾಳೆಯ ಚಿತ್ರ ಬರೆದು ತುಂಡುಗಳನ್ನು ಜೋಡಿಸಿ ನೋಡಿ. ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ಪುಡಿಯಾಗಿ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಹಾಳೆಯನ್ನು ಸಾಮಾನ್ಯವಾಗಿ ಎರಡು ಮೂರು ರೀತಿಯಲ್ಲಿ ಕೊಯ್ಯಬಹುದು, ಉಳಿಯುವ ಒಟ್ಟು ಜಾಗ ಎಲ್ಲದರಲ್ಲೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಒಂದು ರೀತಿಯಲ್ಲಿ ಅದು ಏಳೆಂಟು ಚೂರಾಗಿ ಚದುರುತ್ತದೆ, ಇನ್ನೊಂದರಲ್ಲಿ ಎಂಟಡಿ ಉದ್ದದ ಒಂದೇ ಪಟ್ಟಿಯಾಗಿ, ಎಳೆ ಉದ್ದಕ್ಕೆ ಇರುವಂತೆ ಉಳಿಯುತ್ತದೆ. ನಾನು ಎರಡನೆಯದಕ್ಕೇ ಗೆರೆ ಹಾಕುತ್ತೇನೆ.