ಕೂತ ಧೂಳನ್ನು ಎಬ್ಬಿಸಬೇಡಿ

ಹೋದ ತಿಂಗಳು ಒಬ್ಬರು ಸಣ್ಣ ಸ್ಟೀಲ್ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳಕ್ಕೆ ಕೈ ಹಾಕಿದೆ. "ಅಯ್ಯೋ, ತೆಗೀಬೇಡಿ ಡಾಕ್ಟ್ರೇ, ಒಳಗೆ ಧೂಳಿದೆ" ಅಂದರು. ಮನೆಯ ಶೆಲ್ಫುಗಳ ಧೂಳನ್ನೆಲ್ಲ ಸೇರಿಸಿ ತುಂಬಿಕೊಂಡು ಬಂದಿದ್ದರು. ಅದನ್ನು ಲ್ಯಾಬಿಗೆ ಕಳಿಸಿ, ಅದರಲ್ಲಿ ಏನಿದೆ ಅಂತ ನಾನು ಹೇಳಬೇಕಂತೆ. ಮೂಗಿನ ತುದಿ ಕೆಂಪಗಾಗಿತ್ತು. ಕೂತ ಐದು ನಿಮಿಷದಲ್ಲಿ ಏಳು ಸಲ ಸೀನಿದರು. ನಾನು ಎಣಿಸಿದೆ, ಅಭ್ಯಾಸ ನೋಡಿ.

"ಇದನ್ನ ಹೇಗೆ ತುಂಬಿದಿರಿ?"

"ಒಣಬಟ್ಟೇಲಿ ಚೆನ್ನಾಗಿ ಕೊಡವಿದೆ. ಬಿದ್ದದ್ದನ್ನ ಪೇಪರ್ ಮೇಲೆ ಗುಡಿಸಿಕೊಂಡೆ."

"ಸೀನು ಯಾವಾಗ ಶುರುವಾಯ್ತು?"

"ಆಗಲೇ."

ಲ್ಯಾಬ್ ರಿಪೋರ್ಟ್ ಅಲ್ಲಿಗೇ ಬಂದಹಾಗಾಯಿತು.

ಮೂಗಿನ ಅಲರ್ಜಿ ನೋಡುವ ನಮ್ಮಂಥವರ ಹತ್ತಿರ ಎರಡು ಥರದ ಜನ ಬರುತ್ತಾರೆ. "ಧೂಳು ಒರೆಸೋಕೆ ಟೈಮೇ ಸಿಗಲ್ಲ" ಅಂತ ಕಳ್ಳತನ ಒಪ್ಪಿಕೊಳ್ಳುವ ಹಾಗೆ ತಲೆ ತಗ್ಗಿಸುವವರು ಒಂದು ಥರ. "ಮನೇನ ಕನ್ನಡಿ ಥರ ಇಟ್ಟಿದೀನಿ, ಆದ್ರೂ ಸೀನು ನಿಲ್ತಿಲ್ಲ" ಅನ್ನುವವರು ಇನ್ನೊಂದು ಥರ. ಮೊದಲನೆಯವರನ್ನು ಸಮಾಧಾನ ಮಾಡಿ ಕಳಿಸುವುದು ಸುಲಭ. ನನ್ನ ತಲೆ ತಿನ್ನುವವರು ಎರಡನೆಯವರು.

ಶೆಲ್ಫಿನ ಮೇಲೆ ಕೂತ ಧೂಳು ತಾನಾಗಿ ನಿಮ್ಮ ಮೂಗಿಗೆ ಬರುವುದಿಲ್ಲ. ನೀವು ಎಬ್ಬಿಸಿದರೆ ಬರುತ್ತದೆ. ನಾನು ಹೇಳುವುದು ಇಷ್ಟೇ. ಎಲ್ಲರೂ ಹೂಂ ಅನ್ನುತ್ತಾರೆ, ಮನೆಗೆ ಹೋಗಿ ಮತ್ತೆ ಒಣಬಟ್ಟೆ ಹಿಡಿದು ಪಟಪಟ ಕೊಡವುತ್ತಾರೆ. ಅದಕ್ಕೇ ಈ ಸಲ ಲೆಕ್ಕ ಕೊಟ್ಟೇ ಹೇಳುತ್ತೇನೆ.

ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಕೂದಲಿನ ದಪ್ಪ ಹೆಚ್ಚುಕಮ್ಮಿ 70 ಮೈಕ್ರಾನ್. ಗಾಳಿ ಅಲ್ಲಾಡದ ಕೋಣೆಯಲ್ಲಿ, ನಿಮ್ಮ ಮೂಗಿನೆತ್ತರದಿಂದ ಅಂದರೆ ಸುಮಾರು 1.5 ಮೀಟರ್ ಮೇಲಿಂದ, 20 ಮೈಕ್ರಾನಿನ ಕಣ ನೆಲಕ್ಕಿಳಿಯಲು ಎರಡು ನಿಮಿಷ ಬೇಕು. 10 ಮೈಕ್ರಾನಿನದಕ್ಕೆ ಎಂಟು ನಿಮಿಷ. 1 ಮೈಕ್ರಾನಿನದಕ್ಕೆ ಸುಮಾರು 12 ಗಂಟೆ! ಫ್ಯಾನ್ ಹಾಕಿದರೆ, ಇಲ್ಲವೇ ಮಕ್ಕಳು ಓಡಾಡಿದರೆ, ಈ ಲೆಕ್ಕವೂ ಇಲ್ಲ. ಕಣ ಇಳಿಯುತ್ತಾ ಏರುತ್ತಾ ಅಲ್ಲೇ ಸುತ್ತುತ್ತಿರುತ್ತದೆ.

"ಬೆಳಿಗ್ಗೆ ತಾನೇ ಒರೆಸಿದ್ದೆ, ಸಂಜೆಗೆ ಮತ್ತೆ ಧೂಳು ಕೂತಿದೆ" ಅಂತ ಗೋಳಾಡುತ್ತಾರಲ್ಲ, ಅದರಲ್ಲಿ ಹೊಸ ಧೂಳು ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಒಂದಷ್ಟು ಬೆಳಿಗ್ಗೆ ನೀವೇ ಎಬ್ಬಿಸಿ ಕಳಿಸಿದ್ದು. ಊರೆಲ್ಲ ಸುತ್ತಿ ವಾಪಸ್ ಬಂದಿದೆ ಅಷ್ಟೇ.

ನಂಬಿಕೆ ಬರದಿದ್ದರೆ ರಾತ್ರಿ ದೀಪ ಆರಿಸಿ, ಸೋಫಾದ ಕುಶನ್ ಮೇಲೆ ಒಂದೇ ಒಂದು ಏಟು ಹಾಕಿ, ಪಕ್ಕದಿಂದ ಟಾರ್ಚ್ ಬಿಡಿ. ಕಿಟಕಿಯಿಂದ ಬರುವ ಬಿಸಿಲುಕೋಲಿನಲ್ಲಿ ಕಣಗಳು ಕುಣಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೀರಿ ಅಲ್ವಾ? ಅದೇ ಆಟ. ಹತ್ತು ನಿಮಿಷ ಬಿಟ್ಟು ಮತ್ತೆ ಟಾರ್ಚ್ ಬಿಡಿ. ಸಣ್ಣವು ಇನ್ನೂ ತೇಲುತ್ತಿರುತ್ತವೆ. ಕ್ಲಿನಿಕ್ಕಿನ ಕುರ್ಚಿಯ ಮೇಲೆ ನಾನು ಇದನ್ನು ಮಾಡಿ ತೋರಿಸುತ್ತಿದ್ದೆ. ಆಮೇಲೆ ಇಡೀ ದಿನ ನಾನೇ ಸೀನಬೇಕಾಯಿತು, ಬಿಟ್ಟೆ.

ಧೂಳಲ್ಲಿ ಏನಿದೆ ಅನ್ನುವ ಆ ಡಬ್ಬಿಯವರ ಪ್ರಶ್ನೆ ಕೆಟ್ಟದ್ದಲ್ಲ. ಬಟ್ಟೆಯ ಎಳೆ, ಚಪ್ಪಲಿಗೆ ಅಂಟಿ ಬಂದ ಮಣ್ಣು, ಕೂದಲು, ಮಸಿ, ಹೂವಿನ ಪರಾಗ, ನಮ್ಮದೇ ಚರ್ಮದ ಹೊಟ್ಟು. ಧೂಳಿನಲ್ಲಿ ಮುಕ್ಕಾಲು ಪಾಲು ಸತ್ತ ಚರ್ಮ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಮನೆಯಿಂದ ಮನೆಗೆ ಅದು ಬದಲಾಗುತ್ತದೆ. ಮನೆಯ ಧೂಳಿನಿಂದ ಉಬ್ಬಸ ಬರುತ್ತದೆ ಅಂತ ವೈದ್ಯರಿಗೆ ಮೊದಲೇ ಗೊತ್ತಿತ್ತು, ಅದರಲ್ಲಿ ಯಾವುದು ಅಂತ ಗೊತ್ತಿರಲಿಲ್ಲ. 1964ರಲ್ಲಿ ನೆದರ್‌ಲೆಂಡ್ಸಿನ ಲೈಡನ್‌ನಲ್ಲಿ ವೂರ್‌ಹೋರ್ಸ್ಟ್ ಮತ್ತು ಅವರ ಜೊತೆಯವರು ಒಂದು ನುಸಿಯ ಕಡೆ ಬೊಟ್ಟು ಮಾಡಿದರು. ಎಂಟು ಕಾಲು, ಉದ್ದ ಸುಮಾರು 0.3 ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದಿಲ್ಲ ಅಂತಲೇ ಹೇಳಬೇಕು. ಅದು ಕಚ್ಚುವುದಿಲ್ಲ. ನಮ್ಮ ತಂಟೆ ಮುಖ್ಯವಾಗಿ ಅದರ ಹಿಕ್ಕೆಯ ಜೊತೆ. ಒಂದೊಂದು ಕಾಳು ಹೆಚ್ಚುಕಮ್ಮಿ 20 ಮೈಕ್ರಾನ್. ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಎಬ್ಬಿಸಿದರೆ ಏಳುತ್ತದೆ, ಸುಮ್ನೆ ಬಿಟ್ಟರೆ ಕೆಲವೇ ನಿಮಿಷದಲ್ಲಿ ಕೂರುತ್ತದೆ. ಬೆಕ್ಕಿನ ಅಲರ್ಜಿ ಹೀಗಲ್ಲ, ಅದರ ಕಣ ಇನ್ನೂ ಸಣ್ಣದು, ಗಂಟೆಗಟ್ಟಲೆ ತೇಲುತ್ತದೆ. ಆ ಕಥೆ ಇನ್ನೊಂದು ದಿನ.

ಈ ನುಸಿ ನೀರು ಕುಡಿಯುವುದಿಲ್ಲ. ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸೊರಗುತ್ತದೆ. ಹಾಗಾದರೆ ಅದಕ್ಕೆ ಇಷ್ಟದ ಜಾಗ ಯಾವುದು? ಬೆಚ್ಚಗಿರಬೇಕು, ಬೆವರಿನ ತೇವ ಇರಬೇಕು, ತಿನ್ನಲು ಚರ್ಮದ ಹೊಟ್ಟು ಬೀಳುತ್ತಿರಬೇಕು. ನಿಮ್ಮ ಹಾಸಿಗೆ, ನಿಮ್ಮ ದಿಂಬು. ನೀವು ದಿನಾ ತಿಕ್ಕುವ ಶೋಕೇಸಿನ ಗಾಜಲ್ಲ!

ಶೋಕೇಸ್ ಯಾವಾಗ ಒರೆಸಿದಿರಿ ಅಂತ ಕೇಳಿದರೆ ದಿನ, ಹೊತ್ತು ಎಲ್ಲ ಹೇಳುತ್ತಾರೆ. ದಿಂಬಿನ ಕವರ್ ಯಾವಾಗ ಒಗೆದಿರಿ ಅಂತ ಕೇಳಿದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ರಾತ್ರಿ ಮಗ್ಗುಲು ಬದಲಿಸಿದಾಗೆಲ್ಲ ದಿಂಬಿನಿಂದ ಒಂದು ಸಣ್ಣ ಮೋಡ ಏಳುತ್ತದೆ, ಮೂಗು ಅಲ್ಲೇ ಗೇಣಿನೊಳಗೆ. ಎಂಟು ಗಂಟೆ. ಬೆಳಿಗ್ಗೆ ಎದ್ದ ಕೂಡಲೇ ಸೀನು ಬಂದರೆ, ಸಂಜೆ ಹೊತ್ತಿಗೆ ಕಡಿಮೆಯಾಗುತ್ತಿದ್ದರೆ, ನನ್ನ ಅನುಮಾನ ಮೊದಲು ಹಾಸಿಗೆಯ ಮೇಲೆ. ಖಚಿತ ಅನ್ನಲಾರೆ, ಬೆಳಗಿನ ಸೀನಿಗೆ ಬೇರೆ ಕಾರಣಗಳೂ ಇವೆ. ಯಾವುದರ ಅಲರ್ಜಿ ಅಂತ ತಿಳಿಸುವ ಚರ್ಮದ ಪರೀಕ್ಷೆ ಮಾಡಿಸಿ ನೋಡಬೇಕು.

ಕವರು, ಬೆಡ್‌ಶೀಟು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ತಣ್ಣೀರಿನಲ್ಲಿ ಹಿಕ್ಕೆ ಒಂದಷ್ಟು ಹೋಗುತ್ತದೆ, ನುಸಿ ಬಹುಪಾಲು ಬದುಕುತ್ತದೆ. ನುಸಿ ತಡೆಯುವ ಜಿಪ್ ಕವರ್ ಹಾಕಿಸಿದರೆ ಆಸ್ತಮಾ ಇಳಿಯುತ್ತಾ ಅಂತ ಕೇಳುತ್ತಾರೆ. ಅದೊಂದರಿಂದಲೇ ಇಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಸಾವಿರಕ್ಕೂ ಜಾಸ್ತಿ ದೊಡ್ಡವರ ಮೇಲೆ ಮಾಡಿದ ಒಂದು ಪರೀಕ್ಷೆಯ ಫಲಿತಾಂಶ 2003ರಲ್ಲಿ ಬಂತು. ಕವರಿನಿಂದ ಅವರಿಗೆ ಲಾಭ ಕಾಣಲಿಲ್ಲ. ಇನ್ಹೇಲರ್ ಬರೆದುಕೊಟ್ಟಿದ್ದರೆ ಅದನ್ನು ಬಿಟ್ಟು ಕವರ್ ಕೊಳ್ಳಬೇಡಿ.

ಶೆಲ್ಫಿಗೆ, ನೆಲಕ್ಕೆ ಒದ್ದೆ ಬಟ್ಟೆ. ತೊಟ್ಟಿಕ್ಕುವಷ್ಟಲ್ಲ, ಹಿಂಡಿದ್ದು. ಫ್ಯಾನ್ ಆರಿಸಿ ಒರೆಸಿ. ಅಲರ್ಜಿ ಇರುವವರು ಆ ಕೆಲಸವನ್ನು ಮನೆಯ ಬೇರೆಯವರಿಗೆ ಬಿಟ್ಟು ಆಚೆ ಹೋಗಿ ಕೂತರೆ ಇನ್ನೂ ಒಳ್ಳೆಯದು. ಇದನ್ನು ಚೀಟಿಯಲ್ಲಿ ಬರೆದುಕೊಡಿ ಅಂತ ಕೇಳಿದವರಿದ್ದಾರೆ, ಬರೆದೂ ಕೊಟ್ಟಿದ್ದೇನೆ. ವ್ಯಾಕ್ಯೂಮ್ ಕೊಳ್ಳುವುದಾದರೆ ಸಣ್ಣ ಕಣವನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವುದನ್ನು ನೋಡಿ. ಸಾದಾ ಮೆಷಿನ್ ಮುಂದಿನಿಂದ ಎಳೆದ ಸಣ್ಣ ಧೂಳನ್ನು ಹಿಂದಿನಿಂದ ಬಿಡುತ್ತದೆ.

ಇದಿಷ್ಟು ಮಾಡಿದವರು ಅಟ್ಟದ ಮೇಲಿನ ಧೂಳನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ನನ್ನದೇನೂ ತಕರಾರಿಲ್ಲ. ನನ್ನ ಪುಸ್ತಕದ ಕಪಾಟಿನ ಮೇಲೆ ಯಾರೋ ಬೆರಳಲ್ಲಿ "ಡಾಕ್ಟರ್ ಮನೆ" ಅಂತ ಬರೆದಿದ್ದರು. ಅಕ್ಷರದ ಮೇಲೂ ಧೂಳು ಕೂರುವವರೆಗೆ ಒರೆಸಿರಲಿಲ್ಲ. ಆದರೆ ಅಂಬೆಗಾಲಿಡುವ ಮಗು ಇದ್ದು, ಗೋಡೆಯ ಹಳೇ ಪೇಂಟ್ ಉದುರುತ್ತಿದ್ದರೆ ಈ ಉದಾಸೀನ ಬೇಡ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಮಗುವಿನ ಕೈ ನೆಲದಿಂದ ನೇರ ಬಾಯಿಗೆ ಹೋಗುತ್ತದೆ. ಗೋಡೆಗೆ ಬೂಷ್ಟು ಹಿಡಿದಿದ್ದರೂ ಅಷ್ಟೇ, ಅದನ್ನು ಧೂಳಿನ ಲೆಕ್ಕಕ್ಕೆ ಸೇರಿಸಬೇಡಿ.

ಡಬ್ಬಿಯವರು ಮೊನ್ನೆ ಮತ್ತೆ ಬಂದಿದ್ದರು. ಕೂತ ಹೊತ್ತಿನಲ್ಲಿ ಎರಡೇ ಸೀನು. ದಿಂಬೇ ಬದಲಿಸಿದರಂತೆ. ಶೆಲ್ಫ್ ಮುಟ್ಟದೆ ಹದಿನೈದು ದಿನವಾಯಿತು ಅಂತ ದನಿ ಇಳಿಸಿ ಹೇಳಿದರು. ಅವರ ಡಬ್ಬಿ ನನ್ನ ಡ್ರಾಯರಿನಲ್ಲೇ ಇತ್ತು, ತೊಳೆದು ಕೊಡಿ ಅಂತ ನಮ್ಮ ಸಿಸ್ಟರ್ ಕೈಗಿತ್ತೆ. ಅವರು ಅದನ್ನು ಸಿಂಕಿಗೆ ಒಯ್ದು, ನಲ್ಲಿ ಬಿಟ್ಟು, ನೀರಿನ ಕೆಳಗೆ ಹಿಡಿದೇ ಮುಚ್ಚಳ ತೆಗೆದರು.