ಅಜ್ಜನ ದುಬೈ ಪತ್ರಗಳಲ್ಲಿ ಅಜ್ಜಿಗೆ ಒಂದೇ ಸಾಲು ಯಾಕೆ?

ಪ್ರಶ್ನೆ: ನಮ್ಮದು ಉಡುಪಿ ಕಡೆಯ ತುಳು ಮನೆ. ಅಜ್ಜ 1978ರಿಂದ ಹದಿನಾಲ್ಕು ವರ್ಷ ದುಬೈಯಲ್ಲಿ ಕೆಲಸದಲ್ಲಿದ್ದರು. ಅವರ ಪತ್ರಗಳ ಕಟ್ಟು ಮೊನ್ನೆ ಟ್ರಂಕಿನಲ್ಲಿ ಸಿಕ್ಕಿತು. ಆಸೆಯಿಂದ ಬಿಚ್ಚಿ ಓದಿದರೆ ಬರೀ ಕ್ಷೇಮ ಸಮಾಚಾರ, ಡಿಡಿ ಲೆಕ್ಕ, ಬಾವಿ ಕೆಲಸ. ಅಜ್ಜಿಗೆ ಕೊನೆಯಲ್ಲಿ ಒಂದೇ ಸಾಲು. ಅವರಿಬ್ಬರ ನಡುವೆ ಪ್ರೀತಿ ಇರಲಿಲ್ವಾ?

ಉತ್ತರ: ದಯವಿಟ್ಟು ಆ ಒಂದು ಸಾಲು ನೋಡಿ ತೀರ್ಮಾನಕ್ಕೆ ಬರಬೇಡಿ. ಕರಾವಳಿಯಲ್ಲಿ ಇಂಥ ಕಟ್ಟು ಸಿಕ್ಕಿದವರೆಲ್ಲ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಗಲ್ಫ್ ದೇಶಗಳಲ್ಲಿ ಕಟ್ಟಡ ಕೆಲಸ ಜೋರಾಯಿತು, ನಮ್ಮ ಕಡೆಯ ಗಂಡಸರು ಗುಂಪುಗುಂಪಾಗಿ ಹೋದರು, ಹೆಂಡತಿ ಮಕ್ಕಳು ಊರಲ್ಲೇ ಉಳಿದರು. ಹಾಗಾಗಿ ಪತ್ರದಲ್ಲೇ ಸಂಸಾರ ಮಾಡಿದ ಮನೆಗಳು ಇಲ್ಲಿ ತುಂಬಾ ಇವೆ.

ಆ ಪತ್ರವನ್ನು ನಿಮ್ಮ ಅಜ್ಜಿ ಒಬ್ಬರೇ ಕೂತು ಓದಿರುವುದು ಕಷ್ಟ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯ ಮಾಮಿಗೆ ಪತ್ರ ಓದಿ ಹೇಳುತ್ತಿದ್ದೆ. ಪೋಸ್ಟ್‌ಮ್ಯಾನ್ ಬಂದು ಹೋದರೆ ಸಾಕು, ಅಜ್ಜ, ಅತ್ತೆ, ನಾದಿನಿ, ಬೀಡಿ ಕಟ್ಟುತ್ತಿದ್ದ ಹೆಂಗಸರು, ಎಲ್ಲರೂ ಚಾವಡಿಗೆ ಬರುತ್ತಿದ್ದರು. ನಾನು ಗಟ್ಟಿಯಾಗಿ ಓದಬೇಕು. ಮಾಮಿ ಮಾತ್ರ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ಅಡುಗೆ ಮನೆಗೆ ಕರೆದು, ಬೆಲ್ಲದ ತುಂಡು ಕೊಟ್ಟು, "ಕೊನೆಯದ್ದು ಇನ್ನೊಂದು ಸಲ ಓದು ಮಗಾ" ಅನ್ನುತ್ತಿದ್ದರು. ಹೀಗೆ ಹತ್ತು ಜನರ ಮುಂದೆ ಒಂದು ಮಗು ಓದುತ್ತದೆ ಅಂತ ಗೊತ್ತಿದ್ದ ಗಂಡಸು ಹೆಂಡತಿಗೆ ಏನು ಬರೆಯಲು ಸಾಧ್ಯ ಹೇಳಿ. "ಅವಳಿಗೂ ಮಕ್ಕಳಿಗೂ ತಿಳಿಸಿ" ಅಂತಷ್ಟೇ.

ಇನ್ನೊಂದು ತೊಡಕು ಭಾಷೆಯದ್ದು. ಮನೆಮಾತು ತುಳು, ಆದರೆ ಶಾಲೆಯಲ್ಲಿ ಬರೆಯಲು ಕಲಿತದ್ದು ಕನ್ನಡ. ಪತ್ರಲೇಖನದ ಪಾಠದಲ್ಲಿ ಕಲಿತ ಅದೇ ಅಚ್ಚು ಕೊನೆವರೆಗೂ ಬಂತು. "ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ." ತುಳುವಿನಲ್ಲಿ ಪ್ರೀತಿಗೆ ಮೋಕೆ ಅಂತ ಎಷ್ಟು ಮೆತ್ತಗಿನ ಶಬ್ದ ಇದೆ ಅಲ್ವಾ? ಅದನ್ನು ಕೂರಿಸಲು ಆ ಅಚ್ಚಿನಲ್ಲಿ ಜಾಗವೇ ಇಲ್ಲ. ಮಂಗಳೂರಿನ ಕ್ರೈಸ್ತ ಮನೆಗಳಿಗೆ ಇದು ಸ್ವಲ್ಪ ಸುಲಭವಾಗಿತ್ತು ಅಂತ ನನಗನ್ನಿಸುತ್ತದೆ. ಕನ್ನಡ ಲಿಪಿಯಲ್ಲಿ ಕೊಂಕಣಿ ಓದುವ ಅಭ್ಯಾಸ ಅಲ್ಲಿ ಇತ್ತು, 'ರಾಕ್ಣೊ' ವಾರಪತ್ರಿಕೆ 1938ರಿಂದಲೇ ಬರುತ್ತಿತ್ತು. ಹಾಗಾಗಿ ಮಾತಾಡುವ ಭಾಷೆಯಲ್ಲೇ ಪತ್ರ ಬರೆಯಬಹುದಿತ್ತು.

ಜಾಗವೂ ಕಡಿಮೆ. ಕಟ್ಟಿನಲ್ಲಿ ತೆಳ್ಳಗಿನ ನೀಲಿ ಏರೋಗ್ರಾಮ್ ಇದ್ದರೆ ನೋಡಿ, ಅದೇ ಹಾಳೆ, ಅದೇ ಲಕೋಟೆ, ಒಳಗೆ ಬೇರೆ ಏನೂ ಇಡುವಂತಿಲ್ಲ. (ವಿಮಾನದಲ್ಲಿ ತೂಕ ಉಳಿಸುವ ಈ ಹಾಳೆ ಬಂದದ್ದೂ ಆ ಕಡೆಯಿಂದಲೇ. 1933ರಲ್ಲಿ ಇರಾಕ್‌ನ ಅಂಚೆ ಮುಖ್ಯಸ್ಥರಾಗಿದ್ದ ಡಗ್ಲಸ್ ಗಂಬ್ಲಿ ಅದನ್ನು ಮೊದಲು ತಂದರು.) ಮನೆಯ ಹಿರಿಯರಿಂದ ಕಿರಿಯರವರೆಗೆ ಎಲ್ಲರನ್ನೂ ಕೇಳಿ ಮುಗಿಸುವ ಹೊತ್ತಿಗೆ ಅಂಚು ಬಂದುಬಿಡುತ್ತಿತ್ತು.

ಈಗ ಆ ಲೆಕ್ಕದ ಸಾಲುಗಳನ್ನೇ ಇನ್ನೊಂದು ಸಲ ಓದಿ. ಬಾವಿ ಕೆಲಸ ಅಂದಿರಲ್ಲ, ಅಲ್ಲಿಯವರೆಗೆ ನೀರು ಎಲ್ಲಿಂದ ಬರುತ್ತಿತ್ತು, ಅದನ್ನು ಹೊರುತ್ತಿದ್ದದ್ದು ಯಾರು ಅಂತ ಮನೆಯಲ್ಲಿ ಕೇಳಿ. "ಮಳೆಗಾಲಕ್ಕೆ ಮೊದಲು ಅಡುಗೆ ಮನೆಯ ಮಾಡು ಸರಿ ಮಾಡಿಸಿ" ಅಂತ ಎಲ್ಲಾದರೂ ಇದ್ದರೆ, ಆ ಮಾಡಿನ ಕೆಳಗೆ ದಿನವಿಡೀ ಇರುತ್ತಿದ್ದವರು ಯಾರು? ಒಂದು ಪತ್ರಕ್ಕೆ ಉತ್ತರ ಬರಲು ತಿಂಗಳೇ ಹಿಡಿಯುತ್ತಿದ್ದ ಕಾಲ ಅದು. "ಕೆಮ್ಮು ಕಡಿಮೆ ಆಯಿತಾ" ಅಂತ ಎರಡು ಮೂರು ಪತ್ರದಲ್ಲಿ ಬೆನ್ನುಬೆನ್ನಿಗೆ ಕೇಳಿದ್ದರೆ, ಅಷ್ಟೂ ದಿನ ಆ ಮನುಷ್ಯನ ತಲೆಯಲ್ಲಿ ಆ ಕೆಮ್ಮೇ ಇತ್ತು ಅಂತ ಅರ್ಥ.

ಗುಟ್ಟಿನ ಪತ್ರಗಳೂ ಇದ್ದವು. ರಜೆಯಲ್ಲಿ ಊರಿಗೆ ಹೊರಟವರ ಕೈಯಲ್ಲಿ, ಸೀರೆಯ ಮಡಿಕೆಯೊಳಗೋ ಸೆಂಟಿನ ಪೆಟ್ಟಿಗೆಯಲ್ಲೋ ಅಂಟಿಸಿದ ಲಕೋಟೆ ಬರುತ್ತಿತ್ತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮೊದಲು ಹೆಚ್ಚಿನವರು ಬೊಂಬಾಯಿಗೆ ಇಳಿದು, ಬಸ್ಸು ಹಿಡಿದು ಬರುತ್ತಿದ್ದರು. ಅಷ್ಟು ದೂರ ಜೋಪಾನವಾಗಿ ಬಂದ ಪತ್ರವನ್ನು ಮನೆಯವರೆಲ್ಲ ತೆಗೆಯುವ ಟ್ರಂಕಿನಲ್ಲಿ ಇಡುತ್ತಾರಾ? ಓದಿ ಒಲೆಗೆ ಹಾಕಿದವರನ್ನು ನಾನು ಬಲ್ಲೆ.

ನಿಮ್ಮ ಕೈಯಲ್ಲಿರುವುದು ಅರ್ಧ ಮಾತುಕತೆ ಮಾತ್ರ ಅನ್ನುವುದನ್ನೂ ಮರೆಯಬೇಡಿ. ಅಜ್ಜಿ ಬರೆಸಿದ ಪತ್ರಗಳು ಕಂಪನಿಯ ಪಿಒ ಬಾಕ್ಸ್‌ಗೆ ಹೋಗಿ, ಅಲ್ಲಿಂದ ಅಜ್ಜನ ರೂಮು ಸೇರುತ್ತಿದ್ದವು. ಒಂದೇ ರೂಮಿನಲ್ಲಿ ಎಂಟು ಹತ್ತು ಜನ, ಒಬ್ಬೊಬ್ಬರಿಗೆ ಒಂದು ಮಂಚ, ಮಂಚದ ಕೆಳಗೆ ಒಂದು ಪೆಟ್ಟಿಗೆ. ಅಲ್ಲಿ ಎಷ್ಟು ಪತ್ರ ಉಳಿದಾವು? ಆದರೆ ಆಗ ಅಜ್ಜಿ ಹೇಳಿದ್ದನ್ನು ಬರೆದುಕೊಟ್ಟ ಹುಡುಗನೋ ಹುಡುಗಿಯೋ ಈಗ ಐವತ್ತರ ಆಸುಪಾಸಿನಲ್ಲಿ ಊರಲ್ಲೇ ಇರಬಹುದು. ಹುಡುಕಿ ಮಾತಾಡಿಸಿ, ಅವರಿಗೆ ತುಂಬಾ ನೆನಪಿರುತ್ತದೆ.

ಮತ್ತೆ ಆ ಟ್ರಂಕನ್ನು ಇನ್ನೊಮ್ಮೆ ತಡಕಾಡಿ, ಕ್ಯಾಸೆಟ್ ಏನಾದರೂ ಇದೆಯಾ ಅಂತ. ಟೇಪ್ ರೆಕಾರ್ಡರ್ ಬಂದ ಮೇಲೆ ಎಷ್ಟೋ ಜನ ಮಾತನ್ನೇ ತುಂಬಿಸಿ ಊರಿಗೆ ಕಳಿಸುತ್ತಿದ್ದರು. ಸಿಕ್ಕಿದರೆ ಹಳೇ ಪ್ಲೇಯರಿಗೆ ಹಾಕಿ ಟೇಪು ಸಿಕ್ಕಿಸಿಕೊಳ್ಳಬೇಡಿ, ಗೊತ್ತಿದ್ದವರ ಹತ್ತಿರ ಮೊಬೈಲಿಗೆ ಇಳಿಸಿಕೊಂಡು ಕೇಳಿ. ಅದರಲ್ಲಿ ಅಜ್ಜ ತುಳುವಿನಲ್ಲಿ ಮಾತಾಡಿರುತ್ತಾರೆ.